ಪದಚರ್ಚೆ: ಗೋಯಾ ಮತ್ತು ವೈದ್ಯನ ಚಿತ್ರಕ್ಕೆ ಅಡಿಬರಹ

ಬಲ್ಲವರೇ,

ಸ್ಪೇನಿನ ಚಿತ್ರಕಾರ ಗೋಯಾ 1820ರಲ್ಲಿ ಬಿಡಿಸಿದ, ಈಗ ಮಿನಿಯಾಪೊಲಿಸ್ ಕಲಾ ಸಂಗ್ರಹಾಲಯದಲ್ಲಿರುವ ಚಿತ್ರಕ್ಕೆ ಕನ್ನಡ ಅಡಿಬರಹ ಬೇಕು. ಹಾಸಿಗೆ ಹಿಡಿದ ಗೋಯಾ, ಅವನಿಗೆ ಚಿಕಿತ್ಸೆ ಕೊಟ್ಟ ಅರ್ರಿಯೇತಾ ಇಬ್ಬರೂ ಅದರಲ್ಲಿದ್ದಾರೆ. ‘ವೈದ್ಯ ಅರ್ರಿಯೇತಾನೊಡನೆ ಸ್ವಭಾವಚಿತ್ರ’ ಎಂದರಾದೀತೇ? ವೈದ್ಯನನ್ನು ‘ಆರೈಕೆದಾರ’ ಎನ್ನಬಹುದೇ? ಚಿತ್ರದಡಿ ಗೋಯಾ ಬರೆದಿರುವ ಸ್ಪ್ಯಾನಿಷ್ ಸಾಲುಗಳಲ್ಲಿನ ‘ಅಸಿಯೆರ್ತೊ’, ‘ಎಸ್ಮೆರೊ’ಗಳಿಗೆ ಏನು ಹಾಕಲಿ?

ಉತ್ತರ:

ಮೇಡಂ, ಕಲಾವಿದ ತನ್ನನ್ನೇ ಬಿಡಿಸಿಕೊಂಡ ಚಿತ್ರ ಎನ್ನಲು ‘ಸ್ವಭಾವಚಿತ್ರ’ ಬೇಡವೇ ಬೇಡ. ಓದುವವರು ಅದನ್ನು ‘ಸ್ವಭಾವ’ದ ಚಿತ್ರ ಎಂದೇ ಬಿಡಿಸಿಕೊಳ್ಳುತ್ತಾರೆ. ಬರೀ ‘ಭಾವಚಿತ್ರ’ವೂ ಇಲ್ಲಿ ಇಕ್ಕಟ್ಟಿನದೇ. ಅರ್ಜಿಗೆ ಅಂಟಿಸುವುದೂ ಅದೇ, ಹಾರ ಹಾಕುವುದೂ ಅದೇ. ಕಾಯಿಲೆಯವನ ಕೆಳಗೆ ಆ ಪದ ಕಂಡರೆ ಕೆಲವರಾದರೂ ಅಪಶಕುನ ಎಂದಾರು! ‘ವೈದ್ಯ ಅರ್ರಿಯೇತಾನೊಡನೆ ಗೋಯಾ: ಸ್ವಚಿತ್ರ’ ಸಾಕು.

‘ಆರೈಕೆ’ ಎಂದೊಡನೆ ನಮಗೆ ಬಾಣಂತಿ, ಕೂಸು, ಮನೆಯಲ್ಲಿ ಮಲಗಿರುವ ಹಿರಿಯರು ನೆನಪಾಗುತ್ತಾರೆ. ಹೊತ್ತುಹೊತ್ತಿಗೆ, ದಿನಗಟ್ಟಲೆ ನಡೆಯುವ ಕೆಲಸ ಅದು. ನಾರ್ವೆಯ ಚಿತ್ರಕಾರ ಮಂಕ್‌ನ ‘ಕಾಯಿಲೆಯ ಮಗು’ (1885–86) ಚಿತ್ರದಲ್ಲಿ ಹಾಸಿಗೆ ಪಕ್ಕ ತಲೆ ತಗ್ಗಿಸಿ ಕುಳಿತ ಹೆಂಗಸಿಗೆ ‘ಆರೈಕೆ ಮಾಡುವವಳು’ ಒಪ್ಪುತ್ತದೆ. ಅರ್ರಿಯೇತಾನಿಗೆ ಒಪ್ಪದು. ‘ಪೋಷಕ’ ಶಾಲೆಯ ಪಾಲಾಗಿದೆ, ‘ಶುಶ್ರೂಷಕ’ ಎಂದರೆ ನರ್ಸ್, ಆಸ್ಪತ್ರೆಯ ‘ಅಟೆಂಡರ್’ ರೋಗಿಯ ಕಡೆಯವರು.

ಚಿತ್ರವನ್ನೇ ನೋಡಿ. ವೈದ್ಯ ಹಿಂದಿನಿಂದ ತೋಳು ಬಳಸಿ ರೋಗಿಯನ್ನು ಆನಿಸಿಕೊಂಡು, ಇನ್ನೊಂದು ಕೈಯಲ್ಲಿ ಲೋಟವನ್ನು ಬಾಯಿಯ ಹತ್ತಿರ ಹಿಡಿದಿದ್ದಾನೆ. ಗೋಯಾನ ಕೈಗಳು ಹೊದಿಕೆಯನ್ನು ಗಟ್ಟಿಯಾಗಿ ಹಿಡಿದಿವೆ, ಲೋಟದತ್ತ ಚಾಚಿಲ್ಲ. ಇದು ಉಪಚಾರ. ಶೀರ್ಷಿಕೆಯಲ್ಲಿ ‘ವೈದ್ಯ’ ಇರಲಿ. ವಿವರಣೆಯಲ್ಲಿ ನಾಮಪದಕ್ಕೆ ಹೆಣಗದೆ ‘ಉಪಚರಿಸುತ್ತಿರುವ’ ಎಂದು ಕ್ರಿಯಾಪದ ಬಳಸಿ. ‘ಅತಿಥಿ ಉಪಚಾರ’ದ ನೆರಳು ಬೀಳುತ್ತದೆ ಎಂಬ ಆಕ್ಷೇಪ ಬಂದರೂ ಲೋಟ ಕಣ್ಣೆದುರಿಗೇ ಇರುವುದರಿಂದ ಗೊಂದಲವಾಗದು.

‘ಅಸಿಯೆರ್ತೊ’ಗೆ ‘ಕೈಗುಣ’ ಎನ್ನಲು ಆಸೆಯಾಗುತ್ತದೆ. ಆದರೆ ಕೈಗುಣದಲ್ಲಿ ಅದೃಷ್ಟದ ಪಾಲೂ ಇದೆ. ಸ್ಪ್ಯಾನಿಷ್ ಪದ ಹೇಳುವುದು ಗುರಿ ತಪ್ಪದ ನಿರ್ಧಾರವನ್ನು. ‘ಜಾಣ್ಮೆ’ ವಾಸಿ. ‘ಎಸ್ಮೆರೊ’ಗೆ ಕಣ್ಣು ಮುಚ್ಚಿ ‘ಮುತುವರ್ಜಿ’ ಹಾಕಿ. ‘ಅಕ್ಕರೆ’ಯಲ್ಲಿ ಪ್ರೀತಿಯುಂಟು, ಅಚ್ಚುಕಟ್ಟುತನವಿಲ್ಲ.

ಚಿತ್ರದಡಿ ಗೋಯಾ ಬರೆದ ಸಾಲುಗಳ ಒಟ್ಟು ಅನುವಾದ ಹೀಗಾಗಬಹುದು: ‘1819ರ ಕೊನೆಯಲ್ಲಿ, 73ರ ವಯಸ್ಸಿನಲ್ಲಿ ಬಂದ ತೀವ್ರ, ಅಪಾಯಕರ ಕಾಯಿಲೆಯಲ್ಲಿ ತನ್ನ ಜಾಣ್ಮೆ, ಮುತುವರ್ಜಿಗಳಿಂದ ಜೀವ ಉಳಿಸಿದ ಗೆಳೆಯ ಅರ್ರಿಯೇತಾನಿಗೆ, ಕೃತಜ್ಞ ಗೋಯಾ. 1820ರಲ್ಲಿ ಬಿಡಿಸಿದ್ದು.’ ಇದರೊಳಗೆ ‘ವೈದ್ಯ’ ಸೇರಿಸಬೇಡಿ, ‘ಗೆಳೆಯ’ ಬಿಡಬೇಡಿ. ಮೂಲದ ಆ ಸಾಲುಗಳಲ್ಲಿ ಡಾಕ್ಟರ್ ಎಂಬ ಮಾತೇ ಇಲ್ಲ.