ಹಿಮಾಲಯದ ಚಳಿ: ವೈದ್ಯರಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕರು: ಲೇಹ್‌ನಲ್ಲಿ ಶಸ್ತ್ರಚಿಕಿತ್ಸಕರಾಗಿದ್ದು ಈಗ ಮೈಸೂರಿನಲ್ಲಿ ನೆಲೆಸಿರುವ ನಮ್ಮ ಸದಸ್ಯರು ಇಂದು ಸಂಜೆ ಉತ್ತರಿಸುತ್ತಾರೆ. ಫಾರ್ವರ್ಡ್ ಸಂದೇಶಗಳನ್ನು ದಯವಿಟ್ಟು ಹಾಕಬೇಡಿ.

ದಾವಣಗೆರೆಯ ಸದಸ್ಯರು: ನಮಸ್ಕಾರ ಡಾಕ್ಟರೇ. ಮುಂದಿನ ವಾರ ಲಡಾಖಿನ ಹೆಪ್ಪುಗಟ್ಟಿದ ಜಂಸ್ಕಾರ್ ನದಿಯ ಮೇಲೆ ನಡೆಯುವ ಚಾದರ್ ಚಾರಣಕ್ಕೆ ಹೊರಟಿದ್ದೇವೆ. ಎಷ್ಟು ಜೊತೆ ಕಾಲುಚೀಲ ಒಯ್ಯಬೇಕು?

ವೈದ್ಯರು: ನಾಲ್ಕು ಜೊತೆ ಉಣ್ಣೆಯವು ಸಾಕು, ಆದರೆ ಅವುಗಳಲ್ಲಿ ಒಂದು ಸದಾ ಒಣಗಿದ್ದು ಮಲಗುವ ಚೀಲದಲ್ಲೇ ಇರಬೇಕು. ಒಂದರ ಮೇಲೊಂದು ಮೂರು ಹಾಕಿಕೊಂಡು ಬೂಟು ಬಿಗಿಯಾದರೆ ಬೆರಳಿಗೆ ರಕ್ತವೇ ಇಳಿಯುವುದಿಲ್ಲ. ಹತ್ತಿಯವು ಬೇಡ.

ಬೆಂಗಳೂರಿನ ಸದಸ್ಯೆ: ಡಾಕ್ಟರೇ, ನನ್ನ ತಮ್ಮ ಅದೇ ಚಾರಣದಲ್ಲಿ ಮಂಜುಗಡ್ಡೆ ಒಡೆದು ಪಾದದವರೆಗೆ ನೀರಿಗಿಳಿದ. ಬೆರಳುಗಳು ಮೇಣದಂತೆ ಬಿಳಿಚಿದ್ದವಂತೆ. ಜೊತೆಗಾರರು ರಾತ್ರಿ ಬೆಂಕಿಗೆ ಹಿಡಿದು ಕಾಯಿಸಿದರು, ಮರುದಿನ ಅದೇ ಬೂಟಿನಲ್ಲಿ ನಡೆದ. ಈಗ ಐದು ದಿನವಾಗಿದೆ. ಎರಡು ಬೆರಳುಗಳಲ್ಲಿ ರಕ್ತ ತುಂಬಿದ ಗುಳ್ಳೆಗಳಿವೆ, ತುದಿ ಕಪ್ಪಾಗಿದೆ. ಇಲ್ಲಿನ ವೈದ್ಯರೊಬ್ಬರು ಈ ವಾರವೇ ಬೆರಳು ತೆಗೆಯಬೇಕು ಎನ್ನುತ್ತಿದ್ದಾರೆ. ಬಿಸಿ ಸಾಸಿವೆ ಎಣ್ಣೆ ತಿಕ್ಕಿದರೆ ವಾಸಿಯಾಗುತ್ತದೆ ಎಂಬ ಸಂದೇಶವೂ ಬಂದಿದೆ.

ವೈದ್ಯರು: ತಾಯಿ, ಎಣ್ಣೆಯನ್ನು ಮುಟ್ಟಬೇಡಿ, ತಿಕ್ಕಲೂಬೇಡಿ. ನನ್ನನ್ನು ಕಾಡುತ್ತಿರುವುದು ಆ ಮರುದಿನದ ನಡಿಗೆ. ಹೆಪ್ಪುಗಟ್ಟಿದ ಪಾದದಲ್ಲೇ ನಡೆದು ಊರು ಸೇರಬಹುದು, ಆದರೆ ಒಮ್ಮೆ ಕರಗಿಸಿದ ಪಾದ ಮತ್ತೆ ಹೆಪ್ಪುಗಟ್ಟಿದರೆ ಸಣ್ಣ ರಕ್ತನಾಳಗಳಲ್ಲಿ ರಕ್ತ ಗಟ್ಟಿಯಾಗಿ ಮೊದಲಿಗಿಂತ ಹೆಚ್ಚಿನ ಹಾನಿಯಾಗುತ್ತದೆ. ಬೆಂಕಿಯೂ ತಪ್ಪು: ಮರಗಟ್ಟಿದ ಬೆರಳಿಗೆ ಸುಡುವುದು ತಿಳಿಯದ ಕಾರಣ ಶೀತದ ಗಾಯದ ಮೇಲೆ ಸುಟ್ಟ ಗಾಯ ಸೇರುತ್ತದೆ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗದಲ್ಲಿ 37ರಿಂದ 39 ಡಿಗ್ರಿ ನೀರಿನಲ್ಲಿ, ಚರ್ಮ ಕೆಂಪಾಗಿ ಮೆತ್ತಗಾಗುವವರೆಗೆ, ಸುಮಾರು ಅರ್ಧ ಗಂಟೆ ಇಡುವುದು ಸರಿಯಾದ ಕ್ರಮ. ಆ ಹೊತ್ತು ಕಳೆದುಹೋಗಿದೆ.

ಇನ್ನು ಕತ್ತರಿಸುವ ಮಾತು. ರಕ್ತದ ಗುಳ್ಳೆ ಎಂದರೆ ಆಳದ ಹಾನಿ, ನಿಜ. ಆದರೂ ಸತ್ತ ಭಾಗ ಯಾವುದು, ಬದುಕಿದ ಭಾಗ ಯಾವುದು ಎಂಬ ಗೆರೆ ಸ್ಪಷ್ಟವಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಜನವರಿಯಲ್ಲಿ ಹೆಪ್ಪುಗಟ್ಟಿದ್ದನ್ನು ಜುಲೈನಲ್ಲಿ ಕತ್ತರಿಸು ಎನ್ನುವುದು ನಮ್ಮ ಹಿರಿಯ ಶಸ್ತ್ರವೈದ್ಯರ ಮಾತು. ಆ ಕಪ್ಪು ಸಿಪ್ಪೆಯ ಕೆಳಗೆ ಹೊಸ ಚರ್ಮವನ್ನು ನಾನು ಕಂಡದ್ದೂ ಇದೆ. ದುರ್ವಾಸನೆ, ಕೀವು, ಜ್ವರ, ಮೇಲಕ್ಕೇರುವ ಕೆಂಪು ಇದ್ದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು. ರಕ್ತನಾಳ ಶಸ್ತ್ರಚಿಕಿತ್ಸಕರ ಇನ್ನೊಂದು ಅಭಿಪ್ರಾಯವನ್ನು ನಾಳೆಯೇ ಪಡೆಯಿರಿ. ಗುಳ್ಳೆ ಒಡೆಯಬೇಡಿ, ಬೆರಳುಗಳ ನಡುವೆ ಒಣ ಹತ್ತಿ ಬಟ್ಟೆಯಿಡಿ, ಕಾಲನ್ನು ಎತ್ತರದಲ್ಲಿಡಿ, ಧನುರ್ವಾಯು ಚುಚ್ಚುಮದ್ದು ಆಗಿದೆಯೇ ನೋಡಿ. ತಮ್ಮ ಸಿಗರೇಟು ಸೇದುತ್ತಾನೆಯೇ?

ಹುಬ್ಬಳ್ಳಿಯ ಸದಸ್ಯರು: ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದೆಯಂತೆ. ಪೊಟ್ಟಣದಲ್ಲಿ ಒಯ್ಯಬಹುದೇ?

ವೈದ್ಯರು: ಹೆಚ್ಚುವುದಿಲ್ಲ. ಮೂಗು ತೆರೆದಂತೆ ಅನಿಸುತ್ತದೆ, ಅಷ್ಟೇ. ಉಸಿರು ಸಿಗದವನನ್ನು ಕೆಳಗಿಳಿಸದೆ ಕರ್ಪೂರ ಮೂಸಿಸುತ್ತ ಕೂತರೆ ಹೆಣವನ್ನು ಇಳಿಸಬೇಕಾಗುತ್ತದೆ.

ಬೆಳಗಾವಿಯ ನಿವೃತ್ತ ಸೈನಿಕರು: ಕರ್ಪೂರ ಬಿಡಿ, ನಮಗೆ ರಮ್ ಕೊಡುತ್ತಿದ್ದರು. ಅದರಿಂದ ಮೈ ಬೆಚ್ಚಗಾಗುತ್ತಿತ್ತು.

ವೈದ್ಯರು: ಚರ್ಮದ ರಕ್ತನಾಳಗಳು ಹಿಗ್ಗಿ, ಒಳಗಿನ ಶಾಖ ಹೊರಗೆ ಹೋಗುವಾಗ ಅನಿಸುವ ಬೆಚ್ಚಗೆ ಅದು. ನಡುಕವನ್ನೂ ಅದು ಕುಗ್ಗಿಸುತ್ತದೆ. ಕುಡಿಯಬೇಡಿ.

ಹುಬ್ಬಳ್ಳಿಯ ಸದಸ್ಯರು: ಸಿಯಾಚಿನ್‌ನಲ್ಲಿ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಬದುಕಿದ್ದು ಯೋಗದಿಂದ. ಅದನ್ನೂ ನಿಮ್ಮ ವಿಜ್ಞಾನ ಒಪ್ಪುವುದಿಲ್ಲವೇ?

ಧಾರವಾಡದ ಸದಸ್ಯರು: ಬೆಟದೂರಿನ ಆ ಮನೆಯ ದುಃಖವನ್ನು ನಿಮ್ಮ ಫಾರ್ವರ್ಡಿಗೆ ಬಳಸಬೇಡಿ. 2016ರ ಫೆಬ್ರವರಿ 8ರಂದು ಹೊರತೆಗೆದರು, 11ರಂದು ತೀರಿಕೊಂಡರು. ಅವರನ್ನು ಹಿಡಿದುಕೊಂಡು ವಾದ ಮಾಡುವುದೇ?

ಹುಬ್ಬಳ್ಳಿಯ ಸದಸ್ಯರು: ಗೌರವದಿಂದಲೇ ಹೇಳಿದ್ದೇನೆ. ಧಾರವಾಡದವರಿಗೆ ಮಾತ್ರ ಅವರ ಮೇಲೆ ಹಕ್ಕಿದೆಯೇ?

ಬೆಳಗಾವಿಯ ನಿವೃತ್ತ ಸೈನಿಕರು: ಆ ಎತ್ತರದಲ್ಲಿ ಒಂದು ರಾತ್ರಿ ಕಳೆದು ಬಂದು ಆಮೇಲೆ ಮಾತಾಡಿ.

ವೈದ್ಯರು: ಬೀಸುಗಾಳಿ ತಾಗದ ಹಿಮದಡಿ ಹೊರಗಿನಷ್ಟು ಶೀತವಿರುವುದಿಲ್ಲ, ಉಸಿರಾಡಲು ಜಾಗವೂ ಸಿಕ್ಕಿದ್ದರೆ ದೇಹ ತಡೆಯುತ್ತದೆ. ಅದರ ಮೇಲೂ ಆ ಯೋಧರ ಸಹನೆ ದೊಡ್ಡದು. ಈ ಜಗಳ ನಿಲ್ಲಿಸಿ.

ಮಿನೆಸೋಟಾದ ಸದಸ್ಯೆ: ಇಲ್ಲಿ ಮೈನಸ್ 30 ಇದೆ. ಎಂಟು ತಿಂಗಳ ಮಗುವನ್ನು ಕಾರಿನವರೆಗೆ ಒಯ್ಯುವಾಗ ಮುಖ ಮುಚ್ಚಬೇಕೇ?

ದಾವಣಗೆರೆಯ ಸದಸ್ಯರು: ಡಾಕ್ಟರೇ, ಹಾಗಾದರೆ ಸ್ವಲ್ಪ ಬ್ರಾಂಡಿ?

ವೈದ್ಯರು: ಮೇಲೆ ಓದಿ.

ಕಲಬುರಗಿಯ ಸದಸ್ಯರು: ಕಾಲುಚೀಲ ಎಷ್ಟು ಜೊತೆ?

ವೈದ್ಯರು: ಓದಲು ಬರುತ್ತದೆ ತಾನೇ? ಮೇಲಿದೆ.

ಬೆಂಗಳೂರಿನ ಸದಸ್ಯೆ: ದಿನಕ್ಕೆ ಹತ್ತು ಸಿಗರೇಟು, ಡಾಕ್ಟರೇ. ಈಗ ಮೈ ಬಿಸಿ ಇದೆ, 101 ತೋರಿಸುತ್ತಿದೆ.

ವೈದ್ಯರು: ಹಾಗಿದ್ದರೆ ನಾಳೆಯವರೆಗೆ ಕಾಯಬೇಡಿ. ಈಗಲೇ ತುರ್ತು ವಿಭಾಗಕ್ಕೆ ಹೊರಡಿ, ಪಾದ ನೆಲಕ್ಕೆ ಊರದಂತೆ ಕರೆದೊಯ್ಯಿರಿ. ದಾರಿಯಲ್ಲಿ ನನಗೆ ಕರೆ ಮಾಡಿ, ಅಲ್ಲಿನ ವೈದ್ಯರೊಂದಿಗೆ ನಾನೇ ಮಾತನಾಡುತ್ತೇನೆ.