ಪದಚರ್ಚೆ: ‘ಬ್ರೋಮಿನೀಕೃತ’ ಮತ್ತು ‘ಸಂಭಾವ್ಯ ಕ್ಯಾನ್ಸರ್‌ಕಾರಕ’

ಮಾನ್ಯರೇ,
ಕೈಗಾರಿಕೆಯಲ್ಲಿ ಬಳಸುವ ಬ್ರೋಮಿನ್ ಸಂಯುಕ್ತಗಳಿಂದಾಗುವ ಹಾನಿಯನ್ನು ಕುರಿತ ಪ್ರದರ್ಶನ ಫಲಕವೊಂದರ ಅನುವಾದವನ್ನು ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕಾಗಿದೆ. ಬ್ರೋಮಿನ್ ಪರಮಾಣುಗಳು ಇಂಗಾಲಕ್ಕೆ ಬೆಸೆದುಕೊಂಡಿರುವ ಈ ವಸ್ತುಗಳನ್ನು ‘ಬ್ರೋಮಿನ್ ಮಿಶ್ರಿತ’ ಎನ್ನಲು ಮನಸ್ಸಾಗದೆ ‘ಬ್ರೋಮಿನೀಕೃತ’ ಎಂದಿದ್ದೇನೆ. ತೊಡಕಿರುವುದು ಮುಂದಿನ ಸಾಲಿನಲ್ಲಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಪಾಲಿಬ್ರೋಮಿನೇಟೆಡ್ ಬೈಫಿನೈಲ್‌ಗಳೆಂಬ ಬೆಂಕಿನಿರೋಧಕಗಳನ್ನು 2ಎ ಗುಂಪಿನಲ್ಲಿಯೂ (ಇಂಗ್ಲಿಷಿನಲ್ಲಿ ‘ಪ್ರಾಬಬ್ಲಿ’ ಕ್ಯಾನ್ಸರ್‌ಕಾರಕ) 1-ಬ್ರೋಮೋಪ್ರೊಪೇನ್ ಎಂಬ ದ್ರಾವಕವನ್ನು 2ಬಿ ಗುಂಪಿನಲ್ಲಿಯೂ (‘ಪಾಸಿಬ್ಲಿ’ ಕ್ಯಾನ್ಸರ್‌ಕಾರಕ) ಇಟ್ಟಿದೆ. ನನ್ನ ಕರಡಿನಲ್ಲಿ ಎರಡೂ ‘ಸಂಭಾವ್ಯ ಕ್ಯಾನ್ಸರ್‌ಕಾರಕ’ ಆಗಿಬಿಟ್ಟಿವೆ. ಬೇರ್ಪಡಿಸುವುದು ಹೇಗೆ?

ಉತ್ತರ 1
‘ಬ್ರೋಮಿನೀಕೃತ’ ತಪ್ಪು. ‘ಶುದ್ಧೀಕೃತ’ ಎಂದರೆ ಶುದ್ಧವಲ್ಲದ್ದನ್ನು ಶುದ್ಧವಾಗಿಸಿದ್ದು. ಆ ನ್ಯಾಯದಂತೆ ನಿಮ್ಮ ಪದಕ್ಕೆ ಬ್ರೋಮಿನ್ ಅಲ್ಲದ್ದನ್ನು ಬ್ರೋಮಿನ್ ಆಗಿಸಿದ್ದು ಎಂದೇ ಅರ್ಥ. ದುರ್ನಾತ ಎಂಬರ್ಥದ ಗ್ರೀಕ್ ಮಾತಿನಿಂದ ಹುಟ್ಟಿದ ಹೆಸರಿಗೆ ಸಂಸ್ಕೃತದ ಬಾಲವನ್ನು ಅಂಟಿಸುವ ಚಾಳಿಯನ್ನು ನಾವು ಎಂದಿಗೆ ಬಿಡುತ್ತೇವೋ! ‘ಬ್ರೋಮಿನ್ ಬೆಸೆದ’ ಎಂದರೆ ಸಾಕು. ಕ್ಯಾನ್ಸರ್ ಎಂಬುದರ ಲ್ಯಾಟಿನ್ ಮೂಲಾರ್ಥವೇ ಏಡಿಯಾಗಿರುವಾಗ ‘ಏಡಿಗಂತಿ’ಯನ್ನು ಮೂಲೆಗೆ ತಳ್ಳಿದ್ದೇಕೆ? ‘ಅರ್ಬುದ’ವಂತೂ ಸಲ್ಲದು, ನಿರಪಾಯದ ಗಡ್ಡೆಗೂ ಅದೇ ಹೆಸರು.

ಉತ್ತರ 2
‘ಗಣಕೀಕೃತ’ ಕಚೇರಿ ಗಣಕವಾಗಿಲ್ಲ, ‘ವಿದ್ಯುದೀಕೃತ’ ರೈಲುಮಾರ್ಗ ವಿದ್ಯುತ್ತಾಗಿಲ್ಲ. ಪ್ರತ್ಯಯದ ಅರ್ಥ ಹಿಗ್ಗಿ ಬಹಳ ಕಾಲವಾಯಿತು; ‘ಬ್ರೋಮಿನೀಕೃತ’ ಇರಲಿ. ‘ಮಿಶ್ರಿತ’ವನ್ನು ಮಾತ್ರ 1973ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಮೇವಿನ ಪೂರಕವಾದ ಮೆಗ್ನೀಷಿಯಂ ಆಕ್ಸೈಡಿನ ಬದಲು ನೀವು ಹೇಳಿದ ಬೆಂಕಿನಿರೋಧಕ ರಾಸಾಯನಿಕವೇ ಸೇರಿಹೋದ ಆ ದನದ ಮೇವಿಗೆ ಮೀಸಲಿಡಿ.

ಕೇಳಿದ ಪ್ರಶ್ನೆಗಂತೂ ಮೇಲಿನವರು ಉತ್ತರ ಕೊಟ್ಟಿಲ್ಲ. 2ಎ, 2ಬಿ ಎಂಬ ಗುಂಪುಗಳು ಅಪಾಯದ ಪ್ರಮಾಣವನ್ನಲ್ಲ, ಸಾಕ್ಷ್ಯದ ಬಲವನ್ನು ಹೇಳುತ್ತವೆ. ಆದ್ದರಿಂದ ‘ಸಂಭವ ಹೆಚ್ಚು’, ‘ಸಂಭವ ಕಡಿಮೆ’ ಎಂದು ಬರೆದರೆ ಓದುವವರು ಅದನ್ನು ತಮಗೆ ರೋಗ ತಗಲುವ ಸಂಭವವೆಂದೇ ತಿಳಿಯುತ್ತಾರೆ. 2ಎಗೆ ‘ಬಹುಮಟ್ಟಿಗೆ ಕ್ಯಾನ್ಸರ್‌ಕಾರಕವೆಂದೇ ಪರಿಗಣಿಸಲಾಗಿದೆ’ ಎಂದೂ 2ಬಿಗೆ ‘ಕ್ಯಾನ್ಸರ್‌ಕಾರಕವಿರಬಹುದೆಂಬ ಶಂಕೆಯಿದೆ’ ಎಂದೂ ಬರೆಯಿರಿ. ಉದ್ದವಾಯಿತೆಂದು ಫಲಕ ಬರೆಯುವವರು ಗೊಣಗಿದರೆ ಅಕ್ಷರದ ಗಾತ್ರವನ್ನು ಕಿರಿದು ಮಾಡಿಸಿ, ಅರ್ಥವನ್ನಲ್ಲ.

ಅಂದಹಾಗೆ, ‘ವಿಷಕಾರಿ’ ಎಂಬ ಒಂದೇ ಪದದೊಳಗೆ ಎಲ್ಲ ಹಾನಿಯನ್ನೂ ತುರುಕಬೇಡಿ. ಡೈಬ್ರೋಮೋಕ್ಲೋರೋಪ್ರೊಪೇನ್ ಎಂಬ, ಮಣ್ಣಿನ ಹುಳುಗಳನ್ನು ಕೊಲ್ಲುವ ಔಷಧವನ್ನು ತಯಾರಿಸುತ್ತಿದ್ದ ಗಂಡಸರಲ್ಲಿ 1977ರಲ್ಲಿ ಪತ್ತೆಯಾದದ್ದು ವೀರ್ಯಾಣುಗಳ ಕೊರತೆ. ಅದಕ್ಕೆ ‘ಸಂತಾನಶಕ್ತಿಗೆ ಹಾನಿಕರ’ ಎಂಬ ಪ್ರತ್ಯೇಕ ಸಾಲೇ ಬೇಕು. ಏಡಿಗಂತಿಯ ವಾದವನ್ನು ಬೇರೆ ಪತ್ರದಲ್ಲಿ ಮುಂದುವರಿಸೋಣ. ಇವರ ಫಲಕ ನಾಳೆ ಅಚ್ಚಾಗಬೇಕು.