ಅಪ್‌ಡೇಟ್: ದೂರದ ಲಾರಿ ಬಿಟ್ಟು ಕಾಫಿ ಲೋಡಿಗೆ ಬಂದೆ

ಬೇರೆ ರಾಜ್ಯಗಳಿಗೂ ಓಡುವ ನ್ಯಾಷನಲ್ ಪರ್ಮಿಟ್ ಲಾರಿಗೆ ಚಾಲಕನಾಗಿ ಹೋಗಲೋ, ಕೊಡಗಿನಲ್ಲೇ ಓಡಿಸಲೋ ಎಂದು ಕಳೆದ ವರ್ಷ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು.

ಮೊದಲು ದೂರದ ಲಾರಿಯನ್ನೇ ಹತ್ತಿದೆ. ಸಂಬಳ, ಬಾಟಾ (ದಿನದ ಭತ್ಯೆ) ಎರಡೂ ಚೆನ್ನಾಗಿದ್ದವು. ಆದರೆ 18 ದಿನಗಳ ನಂತರ ಮನೆಗೆ ಬಂದಾಗ ಒಂದೂವರೆ ವರ್ಷದ ಮಗಳು ನನ್ನನ್ನು ಕಂಡು ಅಮ್ಮನ ಸೆರಗಿನ ಹಿಂದೆ ಅಡಗಿದಳು. ಅಂದೇ ತೀರ್ಮಾನಿಸಿದೆ.

ಈಗ ಸೋಮವಾರಪೇಟೆ ಕಡೆಯ ತೋಟಗಳಿಂದ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಣಾ ಘಟಕ) ಕಾಫಿ ಮೂಟೆ ಸಾಗಿಸುತ್ತೇನೆ. ರಾತ್ರಿಯೂಟ ಮನೆಯಲ್ಲೇ. ಕೊಯ್ಲು ಮುಗಿದರೆ ಲೋಡು ಕಡಿಮೆ. ಮಳೆಗಾಲದಲ್ಲಿ ಮಡಿಕೇರಿ–ಮಂಗಳೂರು ದಾರಿಯ ಸಂಪಾಜೆ ಘಾಟಿಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ ಬಿದ್ದರೆ ಮಂಗಳೂರಿಗೆ ಲೋಡು ಒಯ್ಯುವ ಬಾಡಿಗೆಯೂ ಇಲ್ಲ. ‘ಮಳೆಗಾಲದ ಲೆಕ್ಕ ಹಾಕಿಯೇ ಸೇರಿಕೊಳ್ಳಿ’ ಎಂದು ಹಿರಿಯ ಚಾಲಕರೊಬ್ಬರು ಬರೆದಿದ್ದರು. ಅವರ ಮಾತಿನಂತೆ ಜನವರಿಯಿಂದಲೇ ಹಣ ಎತ್ತಿಡುತ್ತಿದ್ದೇನೆ.